ಫಿರಂಗಿ ಲಾರಿಯ ಕ್ಯಾಬಿನ್ನಿನಲ್ಲಿ ಕೂರುವವರ ಪರವಾಗಿ

ಮಾನ್ಯ ಫಿರಂಗಿ ಖರೀದಿ ಅಧಿಕಾರಿಗಳೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಟ್ರಕ್ಕಿನ ಮೇಲೆ ಕೂರಿಸಿದ ಫಿರಂಗಿಗಳನ್ನು ಪರೀಕ್ಷಿಸಿ, ಇದು ಬೇಕು, ಇದು ಬೇಡ ಎಂದು ಸಹಿ ಹಾಕುವ ಕುರ್ಚಿಯಲ್ಲಿ ಯಾರು ಕೂತಿದ್ದೀರೋ ಅವರಿಗೆ ಈ ಪತ್ರ. ನನ್ನ ದೂರು ಒಂದೇ. ಆ ಟ್ರಕ್ಕಿನ ಕ್ಯಾಬಿನ್ನಿಗೆ ಗುಂಡು, ಸಿಡಿಚೂರು ತಡೆಯುವ ಕವಚ ಉಂಟೋ ಇಲ್ಲವೋ ಎಂದು ಯಾರೂ ಹೇಳುತ್ತಿಲ್ಲ. ತೂಕ ಇಳಿಸಲು ಕವಚವನ್ನೇ ಕೈಬಿಟ್ಟ ಮಾದರಿಗಳೂ ಇವೆ ಎಂದು ಮೊಬೈಲಿನಲ್ಲಿ ಎಲ್ಲೋ ಓದಿದೆ. ನಿಜವೋ ಸುಳ್ಳೋ ದೇವರಿಗೇ ಗೊತ್ತು, ಓದಿದ ದಿನದಿಂದ ನನಗೆ ಬಂಗುಡೆ ಸಾರೂ ರುಚಿಸುತ್ತಿಲ್ಲ. ನನ್ನ ಮಗಳು ಜೆನಿಫರ್ ಸೇನೆಯ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್. ನಾಳೆ ನೀವು ಕೊಳ್ಳುವ ಲಾರಿಯಲ್ಲಿ ಕೂರುವವಳು ಅವಳು.

ಇದನ್ನು ಕೇಳಲು ನಿನಗೇನು ಯೋಗ್ಯತೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಾಲೇಜಿನಲ್ಲಿ ನಾನು ಎನ್‌ಸಿಸಿಗೆ ಹೋಗುತ್ತಿದ್ದದ್ದು ಪರೇಡು ಮುಗಿದ ಮೇಲೆ ಸಜ್ಜಿಗೆ ಅವಲಕ್ಕಿ ಸಿಗುತ್ತದೆಂದು ಮಾತ್ರ. ಈಗ ಕಾಪುವಿನಲ್ಲಿ ನನ್ನದೊಂದು ಬೋರ್‌ವೆಲ್ ಲಾರಿ ಉಂಟು. ಆದರೆ ಸ್ವಲ್ಪ ಯೋಚಿಸಿ ನೋಡಿ. ನಿಮ್ಮದೂ ಲಾರಿ, ನಮ್ಮದೂ ಲಾರಿ. ನಿಮ್ಮದರ ಬೆನ್ನ ಮೇಲೆ ಉದ್ದದ ಕೊಳವೆ, ನಮ್ಮದರ ಬೆನ್ನ ಮೇಲೆ ಎತ್ತಿ ನಿಲ್ಲಿಸುವ ಉದ್ದದ ಕಂಬ. ನಿಂತಲ್ಲಿ ನೀವು ಕಬ್ಬಿಣದ ಕಾಲು ಊರುತ್ತೀರಿ, ನಾವು ಜಾಕ್ ಊರುತ್ತೇವೆ. ನೀವು ಆಕಾಶಕ್ಕೆ ಹೊಡೆಯುತ್ತೀರಿ, ನಾವು ಪಾತಾಳಕ್ಕೆ. ಶತ್ರುವಿನ ಉತ್ತರ ಬರುವ ಮೊದಲು ನೀವು ಜಾಗ ಖಾಲಿ ಮಾಡುತ್ತೀರಿ. ನೀರು ಬೀಳದಿದ್ದರೆ ಮನೆಯ ಯಜಮಾನರು ಅಂಗಳಕ್ಕೆ ಇಳಿಯುವ ಮೊದಲು ನಾವೂ ಜಾಗ ಖಾಲಿ ಮಾಡುತ್ತೇವೆ. ಇಷ್ಟೇ ನನ್ನ ಸೈನಿಕ ಅನುಭವ.

ಇಷ್ಟು ಸಾಕಾಗಿತ್ತು ನಾನು ತಜ್ಞನಾಗಲು. ಸಂತೆಕಟ್ಟೆಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗಲೆಲ್ಲ ಮೊಬೈಲು ತೆರೆದು ಒಂದೊಂದು ದೇಶದ ಫಿರಂಗಿಯನ್ನು ನೋಡಿ ಮುಗಿಸಿದೆ. ಟ್ಯಾಂಕಿನ ಹಾಗೆ ಕಬ್ಬಿಣದ ಪಟ್ಟಿಯ ಮೇಲೆ ಉರುಳುವ ಫಿರಂಗಿ ದುಬಾರಿ, ಅದನ್ನು ದೂರ ಒಯ್ಯಲು ಇನ್ನೊಂದು ದೊಡ್ಡ ಟ್ರೇಲರ್ ಬೇಕು. ಹಿಂದೆ ಕಟ್ಟಿ ಎಳೆದೊಯ್ಯುವ ಫಿರಂಗಿಯನ್ನು ಹೂಡಿ ಮತ್ತೆ ಬಿಚ್ಚುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಟ್ರಕ್ಕಿನ ಫಿರಂಗಿಯಾದರೆ ಹೆದ್ದಾರಿಯಲ್ಲಿ ತಾನೇ ಓಡಿಬಂದು, ನಿಂತು, ನಾಲ್ಕಾರು ಗುಂಡು ಹಾರಿಸಿ, ಓಡಿಬಿಡುತ್ತದೆ. ಗುಂಡು ಎಲ್ಲಿಂದ ಬಂತೆಂದು ಶತ್ರುವಿನ ರೇಡಾರು ಬೇಗನೆ ಲೆಕ್ಕ ಹಾಕುವ ಕಾಲ ಇದು, ಮೇಲಿನಿಂದ ಡ್ರೋನು ಬೇರೆ ನೋಡುತ್ತಿರುತ್ತದೆ. ಇದನ್ನೆಲ್ಲ ನಾನು ಇಗರ್ಜಿಯ ಅಂಗಳದಲ್ಲಿ, ಕ್ಷೌರದಂಗಡಿಯಲ್ಲಿ, ಮೀನು ತೂಗಿಸುವಾಗ, ಕೇಳಿದವರಿಗೂ ಕೇಳದವರಿಗೂ ವಿವರಿಸಿದೆ. ನನ್ನ ಹೆಂಡತಿ ವೆರೊನಿಕಾ, ನಾನು ಫಿರಂಗಿಯ ಸುದ್ದಿ ತೆಗೆದ ಕೂಡಲೇ ಮಿಕ್ಸಿ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು.

ಒಬ್ಬ ಮಾತ್ರ ಒಪ್ಪಲಿಲ್ಲ. ನಮ್ಮ ನೆರೆಮನೆಯ ಕ್ಲಾಯ್ಡ್, ಕುವೈತಿನಲ್ಲಿ ಕ್ರೇನ್ ಓಡಿಸಿ ಬಂದವನು. ಭಾನುವಾರದ ಪೂಜೆ ಮುಗಿಸಿ ಹೊರಬರುವಾಗ, "ಲಾರಿ ಅಂದ್ರೆ ಲಾರಿಯೇ ಮಾರಾಯ. ಗದ್ದೆಗೆ ಇಳಿಸಿ ನೋಡು, ಆಗ ಗೊತ್ತಾಗ್ತದೆ" ಎಂದ, ಹತ್ತು ಜನರ ಎದುರು. ನನಗೆ ಮೈ ಉರಿಯಿತು. ನನ್ನ ಬೋರ್‌ವೆಲ್ ಲಾರಿಯನ್ನೇ ನಿನ್ನ ಗದ್ದೆಗೆ ಇಳಿಸಿ, ಕಂಬ ಎತ್ತಿ, ಮತ್ತೆ ಓಡಿಸಿ ತೋರಿಸುತ್ತೇನೆ, ಬರುವ ಭಾನುವಾರ ಎಲ್ಲರೂ ಬನ್ನಿ ಎಂದುಬಿಟ್ಟೆ. ರಜೆಯಲ್ಲಿ ಮನೆಗೆ ಬಂದಿದ್ದ ಜೆನಿಫರ್ ಅದನ್ನು ಕೇಳಿ ನಕ್ಕಳು. ನಿಜವಾದ ಫಿರಂಗಿಯವಳು ಸುಮ್ಮನೆ ನಗುವುದು, ಬೋರ್‌ವೆಲ್‌ನವನು ಪಂಥ ಕಟ್ಟುವುದು, ಇದು ನಮ್ಮ ಮನೆಯ ರಕ್ಷಣಾ ನೀತಿ.

ನಮ್ಮ ಕಸುಬಿನಲ್ಲಿ ಒಂದು ಕ್ರಮ ಉಂಟು. ಜಾಕ್ ಊರುವ ಮೊದಲು ಅದರ ಅಡಿಗೆ ದಪ್ಪ ಮರದ ಹಲಗೆ ಇಡಬೇಕು. ಆದರೆ ಆ ವಾರವಿಡೀ ನಾವು ಕಾರ್ಕಳದ ಕಡೆ ಕೊರೆಯುತ್ತಿದ್ದೆವು. ಅಲ್ಲಿ ನೆಲವೆಂದರೆ ಬಂಡೆ, ಹಲಗೆಯನ್ನು ಯಾರೂ ಮುಟ್ಟುವುದಿಲ್ಲ. ಅದೇ ಅಮಲಿನಲ್ಲಿ ಕಾಪುವಿಗೆ ಬಂದು, ಹೊತ್ತು ಉಳಿಸಲು ಇಲ್ಲೂ ಹಲಗೆ ಬೇಡ ಎಂದು ನಮ್ಮ ಮಿಷಿನ್ ನಡೆಸುವ ಗುಣಪಾಲನಿಗೆ ಹೇಳಿದೆ. ಅವನಿಗೆ ನನಗಿಂತ ಹೆಚ್ಚು ಹುರುಪು. "ಎಂತ ಆಗುದಿಲ್ಲ ಪೊರ್ಬುಗಳೇ" ಎಂದ, ನಮ್ಮ ಕಡೆ ಕ್ರೈಸ್ತರನ್ನು ಕರೆಯುವುದೇ ಹಾಗೆ. ಕೊಯ್ಲು ಮುಗಿದ ನಮ್ಮೂರ ಗದ್ದೆಯೆಂದರೆ ಮೇಲೆ ಹಪ್ಪಳ, ಕೆಳಗೆ ಗಂಜಿ. ಇದು ಇಲ್ಲಿಯ ಎಮ್ಮೆಗೂ ಗೊತ್ತು. ಅದೇ ಗದ್ದೆಯ ಕೆಸರಿನಲ್ಲಿ ಆಡಿ ಬೆಳೆದ ನಾವಿಬ್ಬರು ಸೇರಿ ಮಾಡಿದ ತೀರ್ಮಾನ ಅದು.

ಸೈನ್ಯದ ಅಧಿಕಾರಿ ಕ್ಯಾಬಿನ್ನಿನಲ್ಲಿ ಇದ್ದರೆ ಶೋಭೆ ಎಂದು ಜೆನಿಫರಳನ್ನು ಹತ್ತಿಸಿದವನೂ ನಾನೇ. ಅಪ್ಪನ ಹುಚ್ಚಿಗೆ ಬೇಡ ಎನ್ನಲಾರದೆ ಹತ್ತಿದಳು. ನಾನು ಕೊರಳಿಗೆ ಸೀಟಿ ಕಟ್ಟಿಕೊಂಡು ಬದುವಿನ ಮೇಲೆ ಭೂಸೇನಾ ಮುಖ್ಯಸ್ಥನ ಹಾಗೆ ನಿಂತೆ. ಸೀಟಿ ಊದಿದೆ. ಲಾರಿ ಗದ್ದೆಗೆ ನುಗ್ಗಿ ನಿಂತಿತು, ಓಡಿಸಿದ ಗುಣಪಾಲ ಕೆಳಗೆ ಹಾರಿ ಹಿಂದಿನ ಮಿಷಿನ್ ಹಿಡಿದ, ಜಾಕ್ ಇಳಿಯಿತು, ಕಂಬ ಏಳತೊಡಗಿತು, ಜನ ಚಪ್ಪಾಳೆ ತಟ್ಟಿದರು. ಕಂಬ ಅರ್ಧ ಎದ್ದಿತ್ತು, ಎಡಗಡೆಯ ಜಾಕ್ ಗದ್ದೆಯೊಳಗೆ ಕುಸಿಯಿತು. ಲಾರಿ ವಾಲಿತು. ಕಂಬದಲ್ಲಿದ್ದ ಕೊರೆಯುವ ಪೈಪೊಂದು ಜಾರಿ ನೇರ ಕ್ಯಾಬಿನ್ನಿನ ಮೇಲೆ ಬಿತ್ತು.

ಸೀಟಿ ಬಾಯಲ್ಲಿ ಇಟ್ಟುಕೊಂಡೇ ಓಡಿದೆ. ಕ್ಯಾಬಿನ್ನಿನ ಮಾಡಿನ ತಗಡು ಮಡಚಿಕೊಂಡು ಡ್ರೈವರನ ಖಾಲಿ ಸೀಟಿಗೂ ಅವಳ ಸೀಟಿಗೂ ನಡುವೆ ಇಳಿದಿತ್ತು. ಬಾಗಿಲು ತೆರೆಯಲಿಲ್ಲ. ಕ್ಲಾಯ್ಡ್ ಗಾಜು ಒಡೆದು ಅವಳನ್ನು ಹೊರಗೆ ಎಳೆದ. ಹಣೆಗೆ ಹೊಲಿಗೆ ಬಿತ್ತು, ಭುಜದ ಎಲುಬಿನಲ್ಲಿ ಬಿರುಕು. ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು, ವೆರೊನಿಕಾ ನನ್ನ ಕಡೆ ಕೈ ತೋರಿಸಿದಳು. ಪೈಪು ಒಂದು ಗೇಣು ಅವಳ ಕಡೆಗೆ ಬಿದ್ದಿದ್ದರೆ ಇಂದು ನಿಮಗೆ ಪತ್ರ ಬರೆಯಲು ನನ್ನಲ್ಲಿ ಏನೂ ಉಳಿಯುತ್ತಿರಲಿಲ್ಲ. ನನಗೆ ಹೆದರಿಕೆ ಹೊಕ್ಕಿದ್ದು ಅಂದು, ಅದಿನ್ನೂ ಹೋಗಿಲ್ಲ.

ಈಗ ಹೇಳಿ ಸ್ವಾಮೀ. ಶತ್ರುವೇ ಇಲ್ಲದ ಕಾಪುವಿನಲ್ಲಿ, ಭಾನುವಾರ ಬೆಳಿಗ್ಗೆ, ಒಂದು ಪೈಪಿಗೆ ಲಾರಿಯ ಕ್ಯಾಬಿನ್ನು ಹೀಗಾಗುವುದಾದರೆ, ಹುಡುಕಿಕೊಂಡು ಬರುವ ಗುಂಡಿಗೆ ಏನಾದೀತು? ಗುಂಡು ತುಂಬಿಸುವುದು, ಗುರಿ ಹಿಡಿಯುವುದು ಎಲ್ಲವನ್ನೂ ಒಳಗೇ ಕೂತು ಮಾಡುವ ಹಾಗೆ, ಗಟ್ಟಿ ಕವಚ ಕಟ್ಟಿ, ಕೆಲವು ದೇಶಗಳು ಫಿರಂಗಿ ಮಾಡಿವೆಯಂತೆ. ಇನ್ನು ಕೆಲವುಗಳಲ್ಲಿ ಸಿಬ್ಬಂದಿ ಕೆಳಗಿಳಿದು ಬಯಲಿನಲ್ಲಿ ನಿಂತು ತುಂಬಿಸಬೇಕಂತೆ. ನಿಮ್ಮ ಮೇಜಿನ ಮೇಲೆ ಇರುವ ಹೊಳೆಯುವ ಚಿತ್ರಗಳಲ್ಲಿ ಯಾವುದು ಯಾವುದು ಎಂದು ನನಗೆ ತಿಳಿಯದು. ವೇಗ, ದೂರ, ನಿಮಿಷಕ್ಕೆ ಎಷ್ಟು ಗುಂಡು, ಇವನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಆ ವೇಗದ ಮೋಹ ಎಂಥದ್ದೆಂದು ನನ್ನಷ್ಟು ಚೆನ್ನಾಗಿ ನಿಮಗೆ ಹೇಳಬಲ್ಲವರು ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಸರಕಾರಿ ಕಚೇರಿಯೊಂದರ ನಂಬರು ಹುಡುಕಿ ಫೋನು ಮಾಡಿಯೂ ನೋಡಿದೆ. ನನ್ನ ಹರಕು ಹಿಂದಿಯನ್ನು ಒಬ್ಬರು ಬಹಳ ಮರ್ಯಾದೆಯಿಂದ ಕೇಳಿ, ತಾವು ಯಾವ ಕಂಪೆನಿಯವರು ಎಂದರು. ಬೋರ್‌ವೆಲ್ ಎಂದೆ. ಅಲ್ಲಿಗೆ ದೇಶದ ರಕ್ಷಣೆಯ ಕುರಿತ ನಮ್ಮ ಮಾತುಕತೆ ಮುಗಿಯಿತು.

ಮಗಳನ್ನೂ ಕೇಳಿದೆ. ಭುಜ ವಾಸಿಯಾಗಿ, ಕೆಲಸಕ್ಕೆ ಹೊರಟವಳನ್ನು ಇಂದ್ರಾಳಿಯ ರೈಲು ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಹಣೆಯ ಗಾಯದ ಗುರುತು ಇನ್ನೂ ಕಾಣುತ್ತಿತ್ತು. ನಿಮಗೆ ಕೊಡುವ ಹೊಸ ಗಾಡಿಗೆ ಕವಚ ಉಂಟಾ ಎಂದೆ.

"ಅದೆಲ್ಲ ಹೇಳ್ಲಿಕ್ಕಿಲ್ಲ ಡ್ಯಾಡಿ."

"ಇಲ್ಲದಿದ್ದರೆ ಎಂತ ಮಾಡ್ತಿ?"

"ಇಲ್ಲದಿದ್ದರೂ ಹತ್ತುತ್ತೇನೆ. ನನ್ನ ಹುಡುಗರೆಲ್ಲ ಹತ್ತಿರುವಾಗ ನಾನು ಕೆಳಗೆ ನಿಂತು ತಗಡು ಬಡಿದು ನೋಡ್ಲಿಕ್ಕೆ ಆಗ್ತದಾ?"

ರೈಲು ಹೋದ ಮೇಲೆ ನಾನು ಅಲ್ಲಿಯ ಬೆಂಚಿನಲ್ಲಿ ಕೂತು ಅತ್ತೆ. ಅವಳು ಹೇಳಿದ್ದು ಸರಿ. ಅವಳ ಕೆಲಸದಲ್ಲಿ ಕೇಳುವುದಿಲ್ಲ, ಹತ್ತುವುದು. ಹಾಗಾದರೆ ಕೇಳಬೇಕಾದವರು ಯಾರು? ಸಂಬಳ ತೆಗೆದುಕೊಂಡು ಕೇಳುವುದಕ್ಕೆಂದೇ ಕೂತಿರುವ ನೀವಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗುಂಡು ಎಷ್ಟು ದೂರ ಹೋಯಿತೆಂದು ಅಳೆಯುವ ಮೊದಲು, ಆ ಖಾಲಿ ಕ್ಯಾಬಿನ್ನಿನ ಪಕ್ಕದಲ್ಲಿ ಒಂದು ಗುಂಡು ಸಿಡಿಸಿ ನೋಡಿ. ಒಳಗೆ ತೂತು ಬಿದ್ದರೆ ಹಿಂದಕ್ಕೆ ಕಳಿಸಿ. ಕವಚ ಹಾಕಿದರೆ ಭಾರವಾಗುತ್ತದೆ, ಓಟ ಕಮ್ಮಿಯಾಗುತ್ತದೆ ಎಂದು ಕಂಪೆನಿಯವರು ರಾಗ ಎಳೆದರೆ, ಅದಕ್ಕೆ ತಕ್ಕ ಎಂಜಿನ್ ಹಾಕಿ ತನ್ನಿ ಎನ್ನಿ. ನನಗೆ ಉತ್ತರ ಬರೆಯುವುದು ಬೇಡ. ರಹಸ್ಯವಾದರೆ ರಹಸ್ಯವಾಗಿಯೇ ಇರಲಿ. ನೀವು ಕೊಡುವುದು ಎಂಥದ್ದೇ ಇರಲಿ, ಅವಳು ಹತ್ತುತ್ತಾಳೆ ಸ್ವಾಮೀ. ಅದಕ್ಕೇ ಹೇಳುವುದು, ನೋಡಿ ಕೊಡಿ.

ಇಂತಿ,
ಯುದ್ಧತಜ್ಞನ ಹುದ್ದೆಗೆ ರಾಜೀನಾಮೆ ಕೊಟ್ಟು, ಅಪ್ಪನ ಹುದ್ದೆಯೊಂದನ್ನೇ ಉಳಿಸಿಕೊಂಡಿರುವ
ಸ್ಯಾಮ್ಸನ್, ಬೋರ್‌ವೆಲ್ ಲಾರಿಯವ, ಕಾಪು