ಅಕ್ಕ ಒಪ್ಪಿದಳಂತೆ

ಮಾರ್ಚ್ ೯, ಭಾನುವಾರ

ತಮ್ಮಾ,

ಇಷ್ಟು ದಿನ ‘ಚಿರಂಜೀವಿ ತಮ್ಮನಿಗೆ’ ಎಂದು ಬರೆಯುತ್ತಿದ್ದೆ. ಈ ಸಲ ಕೈ ಬರಲಿಲ್ಲ. ನೀನು ನೂರು ವರ್ಷ ಬದುಕು, ನನ್ನದೇನೂ ಅಡ್ಡಿಯಿಲ್ಲ. ಅದನ್ನು ನನ್ನ ಕೈಯಲ್ಲಿ ಬರೆಸಿಕೊಳ್ಳಬೇಡ, ಅಷ್ಟೇ. ನಿನ್ನ ಕಾಗದಗಳೆಲ್ಲ ತಲುಪಿವೆ. ಉತ್ತರ ತಡವಾಯಿತು, ಕ್ಷಮಿಸು ಎಂದು ಬರೆಯುವುದು ಮರ್ಯಾದೆ. ತಡವಾದದ್ದು ನಿಜ. ಕ್ಷಮೆ ಮಾತ್ರ ನಿನ್ನ ಹತ್ತಿರ ನಾನು ಕೇಳುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ ಸಿಕ್ಕಿದೆ. ಸೇರಿದ ದಿನವೇ ನನ್ನ ಮೇಜನ್ನು ತಿರುಗಿಸಿ ಹಾಕಿಸಿಕೊಂಡೆ: ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಯಾಕೆ ಎಂದು ಮೇಲ್ವಿಚಾರಕಿ ಕೇಳಿದರು. ‘ಗಾಳಿ ಬರುತ್ತೆ ಮೇಡಂ’ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅಮ್ಮನ ಮಂಡಿನೋವು ಹೇಗಿದೆ? ರಾತ್ರಿ ಎಣ್ಣೆ ತಿಕ್ಕುವವರು ಯಾರು? ಇದನ್ನು ಕೇಳಬಾರದು ಎಂದುಕೊಂಡೇ ಕೂತಿದ್ದೆ, ಕೇಳಿಬಿಟ್ಟೆ.

‘ಆಗಿದ್ದು ಆಗಿಹೋಯ್ತು ಅಕ್ಕ, ಈಗ ಕೆದಕಿ ಯಾರಿಗೇನು ಬಂತು? ಮ್ಯಾನೇಜರ್ ಒಳ್ಳೆಯವರು, ಇವತ್ತಿಗೂ ನಿನ್ನ ಬಗ್ಗೆ ವಿಚಾರಿಸ್ತಾರೆ’ ಎಂದು ಬರೆದಿದ್ದೀಯ. ವಿಚಾರಿಸುತ್ತಾನಾ? ಎಂಥ ದೊಡ್ಡ ಮನಸ್ಸು! ಅವನ ಮುಂಗೈ ಮೇಲಿನ ಸುಟ್ಟ ಕಲೆಯನ್ನೂ ನಾನು ವಿಚಾರಿಸಿದೆ ಅಂತ ಹೇಳು. ಲಾಂಡ್ರಿಯಲ್ಲಿ ಎಲ್ಲರೂ ಊಟಕ್ಕೆ ಎದ್ದು ಹೋದಾಗ ಇಸ್ತ್ರಿ ಕೋಣೆಗೆ ನುಗ್ಗಿ, ಚಿಲಕ ಹಾಕಿ, ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದವನು ಅವನು. ಕಿವಿ ಕೇಳದಿದ್ದರೇನು, ಕೂಗಲು ನನಗೂ ಗಂಟಲಿದೆ, ಕೂಗಿದೆ. ಬಾಯಿ ಮುಚ್ಚಿದ. ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು, ಇಟ್ಟೆ. ಆ ಲಾಂಡ್ರಿಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದರಷ್ಟು ಅಚ್ಚುಕಟ್ಟಾಗಿ ಇನ್ನೊಂದನ್ನು ಮಾಡಿಲ್ಲ. ಅವತ್ತು ಸಂಜೆ ಇದನ್ನೆಲ್ಲ ನಿನಗೆ ಸನ್ನೆಯಲ್ಲಿ ಹೇಳಿದೆ. ನೀನು ಅತ್ತೆ. ಅಳು ಮಾತ್ರ ನಿಜವಾಗಿತ್ತು, ಅದನ್ನು ಇವತ್ತಿಗೂ ನಂಬುತ್ತೇನೆ.

ಠಾಣೆಗೆ ಹೋದದ್ದು ನಾನು. ದೂರು ಕೊಡುವವಳು ನಾನು. ಆದರೆ ಕುರ್ಚಿ ಹಾಕಿದ್ದು ನಿನಗೆ. ‘ಪಾಪ, ಇವಳಿಗೇನು ಗೊತ್ತಾಗುತ್ತೆ? ತಮ್ಮ ಇದ್ದಾನಲ್ಲ, ಅವನನ್ನೇ ಕೇಳಿ’ ಎಂದು ಆ ಪೇದೆ ಹೇಳಿದ್ದನ್ನು ಅವನ ತುಟಿಯಲ್ಲೇ ಓದಿದೆ. ಸನ್ನೆ ಬಲ್ಲವರನ್ನು ಕರೆಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನೀನಾದರೂ ಹೇಳಬಹುದಿತ್ತು. ನೀನು ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿದೆ.

ಕೋರ್ಟಿನಲ್ಲಿ ಇನ್ನೂ ಚೆಂದ. ನ್ಯಾಯಾಧೀಶರು ಕಾಗದದಿಂದ ಮುಖ ಎತ್ತಲಿಲ್ಲ, ಅವರ ತುಟಿಯೇ ನನಗೆ ಕಾಣಲಿಲ್ಲ. ಬೆರಳಾಡಿಸಿ ಪೆನ್ನು ಕೇಳಿದೆ. ಗುಮಾಸ್ತ ನಿನ್ನ ಮುಖ ನೋಡಿದ. ‘ಹೆಸರು ಗೀಚೋದು ಬಿಟ್ಟರೆ ಅವಳಿಗೆ ಬರೆಯೋಕೆ ಬರಲ್ಲ ಸಾರ್’ ಎಂದೆ ನೀನು. ಅಯ್ಯಾ ಪುಣ್ಯಾತ್ಮ, ಶಾಲೆ ತಪ್ಪಿಸಿ ಆಟಕ್ಕೆ ಹೋದಾಗಲೆಲ್ಲ ನಿನಗೆ ಜ್ವರದ ಚೀಟಿ ಬರೆದುಕೊಟ್ಟವಳು ಯಾರು? ಆದರೂ ಸುಮ್ಮನಿದ್ದೆ. ಇವನು ಏನೋ ಯೋಚಿಸಿಯೇ ಹೇಳಿರಬೇಕು, ನನ್ನ ಒಳ್ಳೆಯದಕ್ಕೇ ಇರಬೇಕು ಎಂದುಕೊಂಡೆ. ಆಮೇಲೆ ನೀನು ನನ್ನ ಕಡೆ ತಿರುಗಿದೆ, ನಾನು ತಲೆಯಾಡಿಸಿದೆ, ಎಲ್ಲರೂ ಎದ್ದರು.

ಕೇಸು ಮುಗಿದೇಹೋಗಿದೆ ಎಂದು ನನಗೆ ತಿಳಿದದ್ದು, ಮುಂದಿನ ತಾರೀಕು ಯಾವಾಗ ಎಂದು ಕೇಳಿದ್ದಕ್ಕೆ ನೀನು ಮುಖ ತಿರುಗಿಸಿದಾಗ. ಕೋರ್ಟಿನ ಕಾಗದದ ಪ್ರಕಾರ ನಾನು ಹೇಳಿದ್ದೇನೆಂದರೆ: ‘ಕಿವಿ ಕೇಳದ ಕಾರಣ, ಹಿಂದೆ ಬಂದವರನ್ನು ತಪ್ಪು ತಿಳಿದು, ಹೆದರಿ ಸುಟ್ಟೆ. ಯಾರ ಮೇಲೂ ದೂರಿಲ್ಲ, ಮನಸಾರೆ ಒಪ್ಪಿದ್ದೇನೆ.’ ಆಹಾ, ಎಷ್ಟು ಸೊಗಸಾಗಿ ಮಾತಾಡಿದ್ದೇನೆ! ನನ್ನ ಕಿವಿಯದೇ ತಪ್ಪು, ಅವನ ಕೈಯದಲ್ಲ. ಅಕ್ಕ ಒಪ್ಪಿದಳಂತೆ. ವ್ಯಾನು ಓಡಿಸುತ್ತಿದ್ದ ತಮ್ಮ ಈಗ ಅದೇ ಲಾಂಡ್ರಿಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾನಂತೆ. ಅದಕ್ಕೂ ನಾನು ಒಪ್ಪಿರಬೇಕು.

ಸುದ್ದಿ ಕೇಳು. ನನ್ನ ಹಳೆಯ ಕಿವುಡರ ಶಾಲೆಯ ಟೀಚರ್ ಒಬ್ಬ ವಕೀಲಮ್ಮನನ್ನು ಹುಡುಕಿಕೊಟ್ಟರು. ಕೇಸನ್ನು ಮತ್ತೆ ತೆರೆಯಿರಿ ಎಂದು ಅರ್ಜಿ ಹಾಕಿದ್ದೇವೆ. ಈ ಸಲ ಟೀಚರ್ ನನ್ನ ಎದುರು ನಿಂತು ಸನ್ನೆಯಲ್ಲಿ ಎಲ್ಲವನ್ನೂ ಹೇಳುತ್ತಾರೆ, ನಾನು ಹೇಳಿದ್ದನ್ನು ನ್ಯಾಯಾಧೀಶರಿಗೆ ತಿಳಿಸುತ್ತಾರೆ. ‘ಅರ್ಥ ಆಗದಿದ್ದರೂ ಇವರು ತಲೆಯಾಡಿಸ್ತಾರೆ, ಅದು ಒಪ್ಪಿಗೆ ಅಲ್ಲ’ ಎಂದು ವಾದ ಮಾಡುತ್ತೇನೆ ಅಂತಾರೆ ವಕೀಲಮ್ಮ. ಸುಳ್ಳೇನಲ್ಲ. ‘ಯಾರು ಏನಂದ್ರೂ ತಲೆಯಾಡಿಸಿಬಿಡು, ಜನಕ್ಕೆ ಇಷ್ಟ ಆಗುತ್ತೆ’ ಎಂದು ಅಮ್ಮ ಚಿಕ್ಕಂದಿನಿಂದ ಕಲಿಸಿದ್ದಲ್ಲವೇ? ಹಲ್ಲಿನ ಡಾಕ್ಟರು ‘ಇದಾ?’ ಅಂದ, ಆಡಿಸಿದೆ. ಒಳ್ಳೆಯ ಹಲ್ಲನ್ನೇ ಕಿತ್ತು ಕೈಗಿಟ್ಟ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನಾನೂ ನಕ್ಕಿದ್ದೆ. ಆ ಕಥೆ ಕೇಳಿ ವಕೀಲಮ್ಮ ಮಾತ್ರ ನಗಲಿಲ್ಲ.

ಗುರುವಾರ ನಿನ್ನನ್ನು ಕರೆಸುತ್ತಾರೆ. ಒಂದೇ ಪ್ರಶ್ನೆ: ‘ಅವತ್ತು ನಿಮ್ಮಕ್ಕನಿಗೆ ಕೈಯಲ್ಲಿ ಏನು ಕೇಳಿದಿರಿ?’ ಅದರ ಮೇಲೇ ಎಲ್ಲ ನಿಂತಿದೆಯಂತೆ. ನೀನು ಹಳೆಯದನ್ನೇ ಒಪ್ಪಿಸಿದರೆ ಅರ್ಜಿ ಬಿದ್ದುಹೋಗುತ್ತದೆ, ಆ ಮ್ಯಾನೇಜರ್ ಕೈಗೆ ಮುಲಾಮು ಹಚ್ಚಿಕೊಂಡು ಆರಾಮಾಗಿರುತ್ತಾನೆ. ಆ ಇಸ್ತ್ರಿ ಕೋಣೆಗೆ ಈಗ ಹೊಸಬಳೊಬ್ಬಳನ್ನು ಹಾಕಿದ್ದಾರಂತೆ. ಅವಳಿಗೂ ಕಿವಿ ಕೇಳುವುದಿಲ್ಲವಂತೆ. ಹುಡುಕಿ ತಂದದ್ದು ಯಾರು, ನೀನಾ?

ಅಮ್ಮನಿಗೆ ನನ್ನ ನಮಸ್ಕಾರ. ನಿನ್ನ ಮಗಳಿಗೆ ಮುತ್ತು. ‘ಬೇಡ’ ಅನ್ನುವುದನ್ನು ಅವಳಿಗೆ ಮೊದಲು ಕಲಿಸು, ‘ಹೂಂ’ ತಾನಾಗಿ ಬರುತ್ತದೆ. ನಿನಗೆ ಆಶೀರ್ವಾದ ಗುರುವಾರ ಕಳೆದ ಮೇಲೆ ನೋಡೋಣ.

ಇಂತಿ,
ನಿನ್ನ ಅಕ್ಕ
(ಹೆಸರು ಗೀಚಲು ಬರುತ್ತದೆ, ಇವತ್ತು ಗೀಚುವುದಿಲ್ಲ)

ವಿ. ಸೂ.: ವಕೀಲಮ್ಮ ಹಲ್ಲಿನ ಕಥೆ ಹೇಳಿಕೊಳ್ಳಲಿ. ಆದರೆ ಅವತ್ತು ನಾನು ಅಭ್ಯಾಸಕ್ಕೆ ತಲೆಯಾಡಿಸಲಿಲ್ಲ, ಅದು ನಿನಗೂ ಗೊತ್ತು. ‘ರಾಜಿಗೆ ಒಪ್ಪಿಗೆಯಾ ಕೇಳಿ’ ಎಂದು ನ್ಯಾಯಾಧೀಶರು ನಿನಗೆ ಹೇಳಿದ್ದರಂತೆ, ಅದು ನನಗೆ ತಿಳಿದದ್ದು ಆಮೇಲೆ. ನೀನು ನನ್ನ ಕಡೆ ತಿರುಗಿ, ಎರಡೂ ಕೈಯ ಬೆರಳ ತುದಿ ಕೂಡಿಸಿ, ತಲೆಯ ಮೇಲೆ ಸೂರಿನ ಹಾಗೆ ಹಿಡಿದೆ. ‘ಮನೆಗೆ ಹೋಗೋಣ್ವಾ ಅಕ್ಕ?’ ಟೀಚರಿಗೂ ಗೊತ್ತಿಲ್ಲದ ಸನ್ನೆ ಅದು, ನಮ್ಮಿಬ್ಬರದೇ. ನಾನು ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಾಗ ಕಲಿಸಿದ್ದು. ನಿನಗಿನ್ನೂ ಬಾಯಲ್ಲಿ ಮಾತು ಬಂದಿರಲಿಲ್ಲ. ದಣಿವಾದರೆ ನೀನು ಪುಟ್ಟ ಕೈ ಎತ್ತಿ ಹಾಗೇ ಹಿಡಿಯುತ್ತಿದ್ದೆ, ಎಲ್ಲಿದ್ದರೂ ನಾನು ನಿನ್ನನ್ನು ಮನೆಗೆ ಕರೆತರುತ್ತಿದ್ದೆ. ಅವತ್ತು ಕೋರ್ಟಿನಲ್ಲಿ ನನಗೆ ತುಂಬಾ ದಣಿವಾಗಿತ್ತು ಕಣೋ. ನೀನು ಕೇಳಿದ್ದು ಪೂರ್ತಿ ಅರ್ಥವಾಗಿಯೇ ಹೌದು ಎಂದೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ನಿನ್ನನ್ನು ಎಲ್ಲಿ ಜೈಲಿಗೆ ಹಾಕಿಬಿಡುತ್ತಾರೋ ಎಂದು ಹೆದರಿ ಕೂತಿದ್ದೇನೆ, ನೋಡು ನನ್ನ ಬುದ್ಧಿ. ಗುರುವಾರ ಕಟಕಟೆಯಲ್ಲಿ ನಿಂತು ಆ ಕೈ ಎತ್ತಿ ಎಲ್ಲರಿಗೂ ತೋರಿಸು. ನೀನು ತೋರಿಸದಿದ್ದರೆ ನಾನು ತೋರಿಸುತ್ತೇನೆ.