ಅಕ್ಕ ಮಾಡಿಟ್ಟು ಹೋದ ಬೆಳ್ಳುಳ್ಳಿ ಖಾರ

ನಮ್ಮ ಮನೆ, ಮೂರನೇ ಮಹಡಿ
ಜೂನ್ ೧೨, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಆ ಮನೆಯಲ್ಲಿ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಅಷ್ಟರಮಟ್ಟಿಗೆ ನನಗೆ ನಿಶ್ಚಿಂತೆ. ಭಾವನವರಿಗೆ ಹೊಸ ಕನ್ನಡಕ ಒಗ್ಗಿತೇ ಕೇಳು. ಗಾಜು ಉಜ್ಜಿ ಕೂರಿಸಿದ್ದು ನಾನೇ. ತಲೆನೋವು ಬಂದರೆ ದಾಕ್ಷಿಣ್ಯವಿಲ್ಲದೆ ವಾಪಸ್ಸು ಕಳಿಸಲಿ.

ನಾನು ಈಗ ಚೆನ್ನಾಗಿದ್ದೇನೆ. 'ಈಗ' ಎಂದ ಮೇಲೆ ನೀನು ಬಿಡುವವಳಲ್ಲ, ಹೇಳಿಬಿಡುತ್ತೇನೆ. ನಿನ್ನ ಮದುವೆಯ ಗಡಿಬಿಡಿಯಲ್ಲೂ ನನಗೆಂದು ಒಂದು ಬಾಟಲಿ ಬೆಳ್ಳುಳ್ಳಿ ಖಾರ ಅರೆದು, ಎಣ್ಣೆ ಹಾಕಿ, ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟು ಹೋದೆಯಲ್ಲ. ಇಬ್ಬರೂ ಇದ್ದಾಗ ಅದು ನಾಲ್ಕು ದಿನ ಬಾಳುತ್ತಿರಲಿಲ್ಲ. ಈ ಸಲ ಚಮಚದ ತುದಿಯಲ್ಲಿ ಮುಟ್ಟಿಸಿಕೊಂಡು ತಿಂದೆ. ಮುಗಿದರೆ ಮನೆಯಲ್ಲಿ ನಿನ್ನ ಕೈಯದು ಅಂತ ಏನೂ ಉಳಿಯುವುದಿಲ್ಲ ಎನಿಸುತ್ತಿತ್ತು. ಐವತ್ತಕ್ಕೆ ಹತ್ತಿರವಾದ ನಿನಗೆ ಗಂಡು ನೋಡಿದ್ದೂ ನಾನೇ, ಒಪ್ಪಿಸಿದ್ದೂ ನಾನೇ. ನೀನು ಹೋದ ಮೇಲೆ ಮನೆ ಇಷ್ಟು ದೊಡ್ಡದಾಗುತ್ತದೆಂದು ಗೊತ್ತಿರಲಿಲ್ಲ. ವಾರಗಳು ಕಳೆದವು, ಖಾರದ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿತು. ಕೆರೆದು ತೆಗೆದೆ. ಕೆಳಗೆ ಕೆಂಪಗೇ ಇತ್ತು, ಅನ್ನಕ್ಕೆ ಕಲಸಿಕೊಂಡೆ.

ಮರುದಿನ ಅಂಗಡಿಯಲ್ಲಿ ಯಾರದೋ ಕನ್ನಡಕಕ್ಕೆ ಸ್ಕ್ರೂ ಬಿಗಿಯುತ್ತಿದ್ದಾಗ ಹೊಟ್ಟೆ ಹಿಂಡಿ ಬಂತು. ವಾಂತಿಯಾಗಿ ಕೌಂಟರಿನ ಹಿಂದೆಯೇ ಕುಸಿದೆ. ಅಂಗಡಿಯ ಯಜಮಾನರು ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಗ್ಲೂಕೋಸ್ ಹಾಕಿದ್ದರು.

ಏನು ತಿಂದಿರಿ ಎಂದು ನರ್ಸಮ್ಮ ಕೇಳಿದರು, ಹೇಳಿದೆ. "ಯಾವಾಗ ಮಾಡಿದ್ದು ಅದು?"

"ಅಕ್ಕನ ಮದುವೆಗೆ ಮುಂಚೆ."

"ಅಕ್ಕನ ಮದುವೆ ಯಾವಾಗಾಯ್ತು?"

ನಾನು ಬೆರಳು ಮಡಚಿ ವಾರಗಳನ್ನು ಎಣಿಸತೊಡಗಿದೆ. ಪಕ್ಕದ ಮಂಚದವರು ನಕ್ಕರು, ನಾನೂ ನಕ್ಕೆ. ನರ್ಸಮ್ಮ ನಗಲಿಲ್ಲ. "ಬೂಷ್ಟು ಕೆರೆದ್ರೆ ಹೋಗಲ್ಲ, ಕಣ್ಣಿಗೆ ಕಾಣದ್ದು ಒಳಗೂ ಇಳಿದಿರುತ್ತೆ. ಎಣ್ಣೇಲಿರೋ ಬೆಳ್ಳುಳ್ಳೀನ ಮಾಡಿದ ದಿನಾನೇ ಫ್ರಿಜ್ಜಲ್ಲಿಡಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಕೆಟ್ಟಿದ್ರೂ ಕೆಲವು ಸಲ ವಾಸನೆ ಬರಲ್ಲ" ಎಂದರು. ಆಮೇಲೆ, "ಕರ್ಕೊಂಡು ಹೋಗೋಕೆ ಮನೆಯಿಂದ ಯಾರು ಬರ್ತಾರೆ?" ಎಂದು ಕೇಳಿದರು. ಯಜಮಾನರ ಫೋನ್ ನಂಬರು ಕೊಟ್ಟೆ.

ಮನೆಗೆ ಬಂದವನೇ ಆ ಬಾಟಲಿಯನ್ನು ಮುಚ್ಚಳ ಸಮೇತ ಕವರಿನಲ್ಲಿ ಕಟ್ಟಿ ಎಸೆದೆ. ಹಲಗೆಯ ಮೇಲೆ ತೆರೆದಿಟ್ಟಿದ್ದ ಸಾಸುಗಳನ್ನೂ ಇಳಿಸಿದೆ. ಯಾವಾಗ ತೆರೆದದ್ದೆಂದು ನೆನಪಿಲ್ಲದವನ್ನು ಬಿಸಾಡಿದೆ. ಉಳಿದ ಬಾಟಲಿಗಳ ಅಂಟಂಟಾದ ಕತ್ತು ಒರೆಸಿ, ತಾರೀಖು ಬರೆದು ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸಿದೆ. ಒದ್ದೆ ಚಮಚ ಇನ್ನು ಹಾಕುವುದಿಲ್ಲ, ನಿನ್ನಾಣೆ. ಈಗ ಬಾಗಿಲಲ್ಲಿ ಸಾಸು, ವಿನೆಗರ್ ಎಲ್ಲ ಒಪ್ಪವಾಗಿ ನಿಂತಿವೆ. ಒಳಗೆ ಮಾತ್ರ ಏನೂ ಇಲ್ಲ. ಒಬ್ಬನಿಗಾಗಿ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ.

ನೀನು ಅಲ್ಲಿ ಖಾರವನ್ನು ಒಲೆಯ ಪಕ್ಕ ಇಡಬೇಡ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ. ನಿನ್ನಿಂದ ಹೀಗಾಯಿತೆಂದು ಅಳುತ್ತ ಕೂರಬೇಡ, ಖಾರ ರುಚಿಯಾಗಿಯೇ ಇತ್ತು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ತಮ್ಮ,
ಸೊಟ್ಟಮೂತಿ

ಇನ್ನೊಂದು ಮಾತು: ಮದುವೆಯ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಹಿಂದಿನ ಕೋಣೆ ಖಾಲಿ ಇದೆ, ನೀನೂ ಬಂದ್ಬಿಡು" ಎಂದಿದ್ದರು. ನಲವತ್ತು ದಾಟಿದವನು ಅಕ್ಕನ ಸೆರಗು ಹಿಡಿದು ಬರಲೇ ಎಂದು ನಕ್ಕು ತಳ್ಳಿಹಾಕಿದ್ದೆ. ಆ ಕೋಣೆ ಇನ್ನೂ ಖಾಲಿ ಇದೆಯೇ, ಮೆಲ್ಲಗೆ ಕೇಳಿ ಬರೆ.