ನೀನು ಹೂಂ ಅಂದದ್ದಕ್ಕೆ

೧೪ ಸೆಪ್ಟೆಂಬರ್, ಭಾನುವಾರ

ನನ್ನ ಪ್ರೀತಿಯ ಮೆಣಸೇ,

ನಾನು ಕ್ಷೇಮ. ಎಲ್ಲರೂ ಈ ವಾಕ್ಯವನ್ನು ಅಭ್ಯಾಸಬಲದಿಂದ ಬರೆಯುತ್ತಾರೆ. ನಾನು ರಕ್ತಪರೀಕ್ಷೆಯ ವರದಿ ನೋಡಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಿಡ್ನಿ ನನ್ನೊಳಗೆ ಚೆನ್ನಾಗಿ ಬಾಳುವೆ ಮಾಡುತ್ತಿದೆ. ನಿನ್ನ ಹಾಗೆ ಎದುರು ಮಾತಾಡುವುದಿಲ್ಲ, ಅದೊಂದೇ ವ್ಯತ್ಯಾಸ. ಮಾತ್ರೆ ಅಷ್ಟು, ಅನ್ನ ಇಷ್ಟು, ಉಪ್ಪು ನಿನ್ನ ಅತ್ತಿಗೆ ಕೊಟ್ಟಷ್ಟು. ಇನ್ನೂ ಪ್ರಾಸ ಬಿಟ್ಟಿಲ್ಲವಾ ಎಂದು ಬೈಯಬೇಡ. ಡಾಕ್ಟರು ಬಿಡು ಎಂದ ಚಟಗಳಲ್ಲಿ ಅದು ಇರಲಿಲ್ಲ.

ಕಾಗದ ತಡವಾಯಿತು, ಕ್ಷಮಿಸು. ಅದಕ್ಕೂ ಮೊದಲು ಇನ್ನೊಂದನ್ನು ಕ್ಷಮಿಸು: ಹೋದ ತಿಂಗಳು ನೀನು ಫೋನಿನಲ್ಲಿ ಆ ಮಾತು ಹೇಳಿ ಮುಗಿಸುವಷ್ಟರಲ್ಲಿ ‘ನೆಟ್‌ವರ್ಕ್ ಇಲ್ಲ’ ಎಂದು ಇಟ್ಟುಬಿಟ್ಟೆನಲ್ಲ. ನೆಟ್‌ವರ್ಕ್ ಇತ್ತು. ಕಣ್ಣೊರೆಸಿಕೊಳ್ಳಲು ಕೈ ಬೇಕಿತ್ತು.

ಆ ದಿನ ನಾನು ಯಾಕೆ ಹಾಗೆ ಏಕಾಏಕಿ ಫೋನ್ ಮಾಡಿದೆ ಎಂದು ಹೇಳುತ್ತೇನೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಮರಳಿದ್ದೇನೆ. ‘ಕನ್ನಡಿ ನೋಡು, ಗೇರು ಹಾಕು, ಎದುರಿನವನಿಗೂ ಜೀವ ಬೇಕು’ ಎಂದು ಮತ್ತೆ ಪಾಠ ಶುರು. ನಮ್ಮ ಕಾರಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇದೆಯಲ್ಲ. ನಿವೃತ್ತ ಮೇಷ್ಟ್ರೊಬ್ಬರು ಕಲಿಯಲು ಬರುತ್ತಾರೆ. ಒಂದು ದಿನ ಅಡ್ಡ ಒಂದು ಸೈಕಲ್ ನುಗ್ಗಿತು, ಕಾರು ಗಕ್ಕನೆ ನಿಂತಿತು. “ನೋಡಿದ್ರಾ, ಹೆಂಗೆ ನಿಲ್ಲಿಸ್ದೆ!” ಎಂದರು. “ಭೇಷ್ ಸರ್” ಎಂದೆ. ಬ್ರೇಕ್ ಒತ್ತಿದ್ದು ನಾನು. ಅವರ ಮುಖದ ಖುಷಿ ನೋಡಿ ನೀನು ನೆನಪಾದೆ. ನೀನು ಹೂಂ ಎಂದಾಗ ಸ್ಟೀರಿಂಗ್ ನಿನ್ನ ಕೈಯಲ್ಲಿತ್ತು, ಸರಿ. ಬ್ರೇಕಿನ ಮೇಲಿನ ಕಾಲು ಯಾರದಿತ್ತು?

ಯಾಕೆಂದರೆ ನಾವ್ಯಾರೂ ನಿನ್ನನ್ನು ಕೇಳಲೇ ಇಲ್ಲ. “ಮೆಣಸು ಇದ್ದಾಳಲ್ಲ, ಅವಳು ಇಲ್ಲ ಅನ್ನೋಳಲ್ಲ ಬಿಡಿ” ಎಂದಳು ಅಮ್ಮ, ನಿನಗೆ ಕೇಳುವ ಹಾಗೆಯೇ. “ಒಡಹುಟ್ಟಿದವರು ಇರೋದು ಮತ್ಯಾತಕ್ಕೆ?” ಎಂದರು ದೊಡ್ಡಪ್ಪ. ನೀನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಅಷ್ಟಕ್ಕೆ ಮಾತು ಮುಗಿದಿತ್ತು.

ಸೈಕಲ್ ಅಡ್ಡ ಬಂದ ಮಾರನೆಯ ವಾರ ನಾನು ತಪಾಸಣೆಗೆ ಹೋದಾಗ, ದಾನಿಗಳನ್ನು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವ ಕೌನ್ಸೆಲರ್ ಸಿಕ್ಕರು. ನನ್ನ ತಂಗಿಗೆ ಒಳಗೆ ಏನು ಕೇಳಿದಿರಿ ಎಂದೆ. “ಅದನ್ನ ಹೇಳೋ ಹಾಗಿಲ್ಲ ಸರ್. ಎಲ್ಲರಿಗೂ ಏನು ಹೇಳ್ತೀವಿ ಅಂತ ಬೇಕಾದ್ರೆ ಹೇಳ್ತೀನಿ” ಎಂದು ಹೇಳಿದರು: “ಇಷ್ಟ ಇಲ್ಲ ಅಂದ್ರೆ ಇಲ್ಲೇ ಹೇಳಿಬಿಡಿ. ಪರೀಕ್ಷೆ ಹೊಂದಲಿಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ. ನಿಮ್ಮ ಮೇಲೆ ಯಾರೂ ಬೆರಳು ತೋರಿಸಲ್ಲ.”

ಕಾರಿಗೆ ಬಂದವನೇ ನಿನಗೆ ಫೋನ್ ಮಾಡಿ, ಆವತ್ತು ಇಷ್ಟಪಟ್ಟೇ ಹೂಂ ಅಂದೆಯಾ ಎಂದು ಕೇಳಿದೆ. ನೀನು ನಿನ್ನ ಪಾರ್ಲರಿನಲ್ಲಿ ಯಾರದೋ ತಲೆಗೆ ಬಣ್ಣ ಹಚ್ಚುತ್ತಿದ್ದೆ. “ಅಣ್ಣಾ, ಕಿಡ್ನಿ ಕೊಟ್ಟಿದ್ದು ನಾನು, ತಲೆ ಕೆಟ್ಟಿದ್ದು ನಿಂದಾ?” ಎಂದೆ. ಆಮೇಲೆ ದನಿ ಇಳಿಸಿ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ:

“ಆವತ್ತು ಇಲ್ಲ ಅನ್ನೋಣ ಅಂತಾನೇ ಹೋಗಿದ್ದೆ. ಅಮ್ಮನ ಮೇಲೆ ಸಿಟ್ಟು, ದೊಡ್ಡಪ್ಪನ ಮೇಲೆ ಸಿಟ್ಟು, ನಿನ್ನ ಮೇಲೂ ಸಿಟ್ಟು. ಹೊಟ್ಟೆ ನಂದು, ಪಂಚಾಯ್ತಿ ಇವರದ್ದು! ಆ ಕೌನ್ಸೆಲರ್ ಮೇಡಂ ಹಂಗಂದ್ರು ನೋಡು, ಎದ್ದು ಹೋಗ್ಬೋದು ಅಂತ ಗೊತ್ತಾಗಿದ್ದೇ ತಡ, ಎದ್ದು ಹೋಗೋ ಆಸೇನೇ ಹೋಯ್ತು. ಅಲ್ಲೀತನಕ ಬರೀ ಅಮ್ಮನ ಮುಖ ಕಾಣ್ತಿತ್ತು. ಆಗ ನಿನ್ನ ಮುಖ ಕಾಣ್ತು. ಕೊಡ್ತೀನಿ ಅಂದೆ… ಅಯ್ಯೋ ಮೇಡಂ, ಅಲ್ಲಾಡಬೇಡಿ, ಬಣ್ಣ ಕಿವಿಗೆ ಹತ್ತುತ್ತೆ!”

ಆಗಲೇ ನನ್ನ ನೆಟ್‌ವರ್ಕ್ ಹೋದದ್ದು.

ಅದು ನಿನ್ನ ಇಚ್ಛೆಯೋ, ಸ್ವಭಾವವೋ, ಹಣೆಬರಹವೋ, ಬಲ್ಲವರು ಹೇಳಲಿ. ನಮ್ಮ ಬಿ.ಎ. ತರಗತಿಯ ತರ್ಕಶಾಸ್ತ್ರದ ಮೇಷ್ಟ್ರು ವರ್ಷವಿಡೀ ಇದನ್ನೇ ಕೊರೆದು, ಮನುಷ್ಯನಿಗೆ ನಿರ್ಧರಿಸುವ ಸ್ವಾತಂತ್ರ್ಯ ಇದೆಯೋ ಇಲ್ಲವೋ ನೀವೇ ನಿರ್ಧರಿಸಿ ಎಂದು ಕೈತೊಳೆದುಕೊಂಡಿದ್ದರು. ನನಗೆ ಇಷ್ಟು ಸಾಕು: ಬಾಗಿಲು ತೆರೆದಿತ್ತು, ಹೊರಗೆ ಒಳ್ಳೆಯ ನೆಪ ಕಾದಿತ್ತು, ನೀನು ಕುರ್ಚಿ ಬಿಟ್ಟು ಏಳಲಿಲ್ಲ. ಕಿಡ್ನಿಗೆ ಎಷ್ಟೋ ಸಲ ಕೃತಜ್ಞತೆ ಹೇಳಿದ್ದೇನೆ; ಈ ಕಾಗದ ನೀನು ಏಳದೆ ಕೂತದ್ದಕ್ಕೆ. ಕಟ್ಟುಪಾಡಿಗೆ ಕೊಟ್ಟದ್ದನ್ನು ಹೇಗಾದರೂ ತೀರಿಸಬೇಕು ಎಂದು ಜೀವ ಕುದಿಯುತ್ತದೆ. ಇಷ್ಟಪಟ್ಟು ಕೊಟ್ಟದ್ದನ್ನು ಸುಮ್ಮನೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡಿದ್ದೇನೆ ಕಣೇ.

ನಿನ್ನ ಕತ್ತರಿ ಸದಾ ಹರಿತವಾಗಿರಲಿ, ಬಾಯಿ ಅದಕ್ಕಿಂತ ತುಸು ಕಡಿಮೆ ಇರಲಿ. ಮಗಳು ಓದಲಿ, ನಿನ್ನ ಮನೆಯವರು ನಗಲಿ, ನಿನ್ನಲ್ಲಿ ಉಳಿದ ಆ ಒಂದು ಕಿಡ್ನಿ ನೂರು ವರ್ಷ ದುಡಿಯಲಿ.

ನಿನ್ನ
ಅಣ್ಣ

ತಾ.ಕ.: ನಿನಗಿಂತ ಮೊದಲು ಆ ಕೋಣೆಗೆ ಹೋಗಿದ್ದವಳು ನಿನ್ನ ಅತ್ತಿಗೆ. ಅವಳದು ಹೊಂದಲಿಲ್ಲ ಎಂದಿದ್ದರು. ಪಾಪ, ಎಷ್ಟು ನೊಂದಳೋ ಎಂದು ನಾನೇ ಸಮಾಧಾನ ಮಾಡಿದ್ದೆ. ಕೌನ್ಸೆಲರ್ ಹೇಳಿದ್ದನ್ನು ಅದೇ ಸಂಜೆ ಮನೆಯಲ್ಲಿ ಹೇಳುತ್ತಾ ನಿನ್ನ ಗುಣಗಾನ ಮಾಡುತ್ತಿದ್ದೆ. ಬಟ್ಟೆ ಮಡಚುತ್ತಿದ್ದ ಅವಳ ಕೈ ನಿಂತಿತು. “ನನಗೂ ಹಂಗೇ ಹೇಳಿದ್ರು ರೀ. ನಾನು ಬೇಡ ಅಂದೆ. ತುಂಬಾ ಹೆದರಿಕೆ ಆಯ್ತು” ಎಂದಳು. ಎರಡು ವರ್ಷ ಡಯಾಲಿಸಿಸ್‌ಗೆ ಕರೆದೊಯ್ದು, ವಾಂತಿಗೆ ಬಕೆಟ್ ಹಿಡಿದವಳು ಅವಳೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಬೇಡ ಅಂದ ಈ ಸತ್ಯವನ್ನೂ ಯಾರೂ ಕೇಳಿರಲಿಲ್ಲ, ತಾನಾಗೇ ಹೇಳಿದಳು. ನಿನ್ನ ಹೂಂ ನಿಜವಾಗಬೇಕಾದರೆ ಅವಳ ಬೇಡಕ್ಕೂ ಜಾಗ ಇರಬೇಕು, ತರ್ಕ ಒಪ್ಪುತ್ತೇನೆ. ಆದರೂ ಅವಳು ಪಕ್ಕದಲ್ಲಿ ಬಂದು ಕೂತರೆ ಒಂದಿಷ್ಟು ಸರಿದು ಕೂರುತ್ತೇನೆ. ಸರಿಯಬಾರದು ಎಂದು ದಿನಾ ಬೆಳಿಗ್ಗೆ ನಿರ್ಧರಿಸುತ್ತೇನೆ, ಸಂಜೆಗೆ ಸರಿದಿರುತ್ತೇನೆ. ಅವಳಿಗೆ ಅದು ಕಾಣುತ್ತದೆ. ಅಮ್ಮನಿಗೆ ಹೇಳಬೇಡ. ನೀನು ಬಂದಾಗ ಅವಳನ್ನು ಎಂದಿನ ಹಾಗೇ ತಬ್ಬಿಕೋ. ನಾನು ನೋಡಿ ಕಲಿಯುತ್ತೇನೆ.